ರಕ್ತ ಕಮ್ಮಿ: ಐವತ್ತು ವರ್ಷದ ಮಾತ್ರೆ, ಮುಗಿಯದ ವಾದ

ಬಸುರಿಯರ ಬಯಕೆ ಎಂದರೆ ಮಾವಿನಕಾಯಿ, ಹುಣಸೆಹಣ್ಣು ಎಂಬುದು ಸಿನಿಮಾ ನೋಡಿದವರಿಗೂ ಗೊತ್ತು. ಬಳಪ, ವಿಭೂತಿ, ಒಲೆಯ ಸುಟ್ಟ ಮಣ್ಣು, ಹಸಿ ಅಕ್ಕಿ ಇವುಗಳ ಬಯಕೆ ಮಾತ್ರ ಸೆರಗಿನ ಗಂಟಿನಲ್ಲೇ ಉಳಿಯುತ್ತದೆ. ಕದ್ದು ತಿನ್ನುವುದು, ಸಿಕ್ಕಿಬಿದ್ದರೆ ಬೈಸಿಕೊಳ್ಳುವುದು. ಆಹಾರವಲ್ಲದ್ದನ್ನು ತಿನ್ನುವ ಈ ಚಟಕ್ಕೆ ವೈದ್ಯರು ಪೈಕಾ ಎನ್ನುತ್ತಾರೆ. ಮೈಯಲ್ಲಿ ಕಬ್ಬಿಣದ ಅಂಶ ಕುಗ್ಗಿದವರಲ್ಲಿ ಅದು ಹೆಚ್ಚು ಎಂಬುದೂ ಅವರಿಗೆ ಬಹಳ ಕಾಲದಿಂದ ತಿಳಿದಿದೆ. ಕಬ್ಬಿಣ ಇಲ್ಲದ್ದಕ್ಕೆ ಮಣ್ಣು ಬೇಕೆನಿಸುತ್ತದೆಯೋ, ಮಣ್ಣು ತಿಂದದ್ದಕ್ಕೆ ಕಬ್ಬಿಣ ಮೈಗೆ ಹತ್ತುತ್ತಿಲ್ಲವೋ ಎಂದು ಕೇಳಿದರೆ ಮಾತ್ರ ಒಮ್ಮತದ ಉತ್ತರ ಸಿಗುವುದಿಲ್ಲ.

ಬಸಿರಿನ ರಕ್ತಹೀನತೆಯ ಚರ್ಚೆ ಪೂರ್ತಿ ಹೀಗೆಯೇ. ಮೇಲ್ನೋಟಕ್ಕೆ ಸರಳ, ಬಗೆದರೆ ಯಾವುದು ಮೊದಲು ಯಾವುದು ನಂತರ ಎಂದು ಗೊತ್ತಾಗದು. "ರಕ್ತ ಕಮ್ಮಿ ಇದೆಯಮ್ಮ" ಎಂದು ನರ್ಸ್ ಹೇಳುತ್ತಾರೆ, ತಾಯಿ ಕಾರ್ಡಿನಲ್ಲಿ ಒಂದು ಸಂಖ್ಯೆ ಬೀಳುತ್ತದೆ, ಕೈಗೆ ಕೆಂಪು ಮಾತ್ರೆಯ ಪಟ್ಟಿ ಬರುತ್ತದೆ. ಭಾರತ ಸರ್ಕಾರ ಈ ಮಾತ್ರೆ ಹಂಚಲು ಆರಂಭಿಸಿದ್ದು 1970ರಲ್ಲಿ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ. 50.4ರಷ್ಟು ಮಂದಿಗೆ ರಕ್ತಹೀನತೆ ಇತ್ತು. 2019-21ರ ಸಮೀಕ್ಷೆಯಲ್ಲಿ ಶೇ. 52.2. ಕರ್ನಾಟಕದಲ್ಲಿ ಶೇ. 45.4 ಇದ್ದದ್ದು ಶೇ. 45.7 ಆಯಿತು. ಅರ್ಧ ಶತಮಾನ ಮಾತ್ರೆ ಕೊಟ್ಟ ಮೇಲೂ ಮುಳ್ಳು ಅಲ್ಲಾಡಿಲ್ಲ. ಏಕೆ?

ಇದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ಮಾತ್ರೆ ನುಂಗುತ್ತಿಲ್ಲ ಎನ್ನುವವರು ಕೆಲವರು, ಊಟವೇ ಸರಿಯಿಲ್ಲ ಎನ್ನುವವರು ಕೆಲವರು, ಅಳತೆಗೋಲೇ ತಪ್ಪು ಎನ್ನುವವರು ಮತ್ತೆ ಕೆಲವರು. ಮಾತ್ರೆ ಬಿಡಿ, ಸೂಜಿ ಹಿಡಿಯಿರಿ ಎನ್ನುವ ಹೊಸ ಪಕ್ಷವೂ ಹುಟ್ಟಿಕೊಂಡಿದೆ.

ಬೊಂಬಾಯಿಯ ಗಿರಣಿ ಹೆಂಗಸರು

ಕಥೆಯ ಮೊದಲ ಅಧ್ಯಾಯ ನಡೆದದ್ದು ನಮ್ಮ ನೆರೆಯಲ್ಲೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಹೆಂಗಸರು ಬಸಿರಿನಲ್ಲಿ ಬಿಳಚಿಕೊಂಡು, ಉಸಿರು ಕಟ್ಟಿ, ಕೆಲವೊಮ್ಮೆ ಜೀವವನ್ನೇ ಬಿಡುತ್ತಿದ್ದರು. ಅವರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಕೆಂಪು ಕಣಗಳು ಇರಬೇಕಾದ್ದಕ್ಕಿಂತ ದೊಡ್ಡವು. ಕಬ್ಬಿಣದ ಕೊರತೆಯಾದರೆ ಕಣ ಚಿಕ್ಕದಾಗುತ್ತದೆ. ಇದು ಬೇರೆ ಕಾಯಿಲೆ. ವಿಲ್ಸ್ ಹಾಫ್ಕಿನ್ ಸಂಸ್ಥೆಯಲ್ಲಿ ಕೆಲಸ ಮಾಡಿದರು, ನೀಲಗಿರಿಯ ಕೂನೂರಿನ ಆಹಾರ ಸಂಶೋಧನಾಲಯಕ್ಕೂ ಹೋದರು (ಹೈದರಾಬಾದಿನ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದರ ಮುಂದುವರಿಕೆ). ಇಲಿಗಳಿಗೆ, ಕೋತಿಗಳಿಗೆ ಈ ಹೆಂಗಸರ ಊಟವನ್ನೇ ತಿನ್ನಿಸಿ ನೋಡಿದರು. ಕೊನೆಗೆ ಕೈಹಿಡಿದದ್ದು ಮಾರ್ಮೈಟ್. ಬಿಯರ್ ತಯಾರಿಸಿ ಉಳಿದ ಯೀಸ್ಟಿನಿಂದ ಮಾಡುವ, ಬ್ರೆಡ್ಡಿಗೆ ಸವರುವ ಅಗ್ಗದ ಕಪ್ಪು ಅಂಟು. ಅದನ್ನು ತಿಂದ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಈ ಸುದ್ದಿ ಪ್ರಕಟವಾಯಿತು.

ಯೀಸ್ಟಿನಲ್ಲಿದ್ದ ಆ ಅಂಶಕ್ಕೆ ಕೆಲವು ವರ್ಷ 'ವಿಲ್ಸ್ ಫ್ಯಾಕ್ಟರ್' ಎಂದೇ ಹೆಸರು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದವರು ಲ್ಯಾಟಿನ್ನಿನಲ್ಲಿ ಎಲೆ ಎಂಬರ್ಥದ ಪದದಿಂದ ಫೋಲಿಕ್ ಆಸಿಡ್ ಎಂದು ಕರೆದರು. ಈಗ ಕಬ್ಬಿಣದ ಮಾತ್ರೆಯಲ್ಲಿ ಜೊತೆಯಾಗಿ ಇರುವುದು ಅದೇ.

ಈ ಅಧ್ಯಾಯಕ್ಕೆ ಅರವತ್ತು ವರ್ಷಗಳ ನಂತರ ಒಂದು ತಿರುವು ಬಂತು. ಫೋಲಿಕ್ ಆಸಿಡನ್ನು ಬಸುರಾಗುವ ಮುನ್ನವೇ ಆರಂಭಿಸಿದರೆ ಮಗುವಿನ ಬೆನ್ನುಹುರಿಯ ಹುಟ್ಟುದೋಷ ಮರುಕಳಿಸುವುದು ಸುಮಾರು ಶೇ. 72ರಷ್ಟು ತಗ್ಗುತ್ತದೆ ಎಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ತೋರಿಸಿತು. ಭ್ರೂಣದ ನರನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ 28 ದಿನಗಳೊಳಗೆ. ಅಷ್ಟರಲ್ಲಿ ಮುಟ್ಟು ನಿಂತದ್ದು ಗೊತ್ತಾಗಿ, ಗಂಡನಿಗೆ ಹೇಳಿ, ಅತ್ತೆಗೆ ತಿಳಿದು, ಆಶಾ ಕಾರ್ಯಕರ್ತೆ ಹೆಸರು ಬರೆದುಕೊಳ್ಳುವ ಹೊತ್ತಿಗೆ ಆ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದಲೇ ಮಗು ಬೇಕೆಂದು ನಿರ್ಧರಿಸಿದ ದಿನದಿಂದ ದಿನಕ್ಕೆ 400 ಮೈಕ್ರೋಗ್ರಾಂ ಎಂಬ ಸಲಹೆ. ಮದುವೆಯ ಮಾತುಕತೆಯಲ್ಲಿ ಜಾತಕ, ಚಿನ್ನ, ಛತ್ರ ಎಲ್ಲ ಬರುತ್ತವೆ. ಇದೊಂದು ಯಾರ ಬಾಯಲ್ಲೂ ಬಂದದ್ದನ್ನು ನಾನು ಕೇಳಿಲ್ಲ.

ನುಂಗದ ಮಾತ್ರೆ

ಸರ್ಕಾರಿ ಕಡತಗಳಿಗೆ ಬಹಳ ಪ್ರಿಯವಾದ ವಿವರಣೆ ಇದು: ಮಾತ್ರೆ ಸರಿಯಿದೆ, ನುಂಗುವವರು ಸರಿಯಿಲ್ಲ. ಅಂಕಿಅಂಶಗಳು ಒಂದು ಮಟ್ಟಿಗೆ ಇದನ್ನೇ ಹೇಳುತ್ತವೆ. 2019-21ರ ಸಮೀಕ್ಷೆಯ ಪ್ರಕಾರ ಬಸಿರಿನಲ್ಲಿ 180 ದಿನ ಮಾತ್ರೆ ತೆಗೆದುಕೊಂಡವರು ದೇಶದಲ್ಲಿ ಶೇ. 26 ಮಾತ್ರ. ಏಕೆಂದು ಕೇಳಿದರೆ ಉತ್ತರ ಎಲ್ಲ ಊರಿನಲ್ಲೂ ಒಂದೇ. ವಾಕರಿಕೆ, ಹೊಟ್ಟೆಯುರಿ, ಮಲಬದ್ಧತೆ, ಕಪ್ಪು ಮಲ. ಮೊದಲೇ ವಾಂತಿಯಿಂದ ಬಳಲುವವಳಿಗೆ ಬಾಯಲ್ಲಿ ತುಕ್ಕಿನ ರುಚಿ ಬೇರೆ.

ಇದರ ಇನ್ನೊಂದು ಮಗ್ಗುಲನ್ನು ನಮ್ಮ ಕರಾವಳಿಯಲ್ಲೇ ನೋಡಿ ಬರೆದವರು ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞ ದಂಪತಿ. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿದ್ದ ಅವರು 1983ರಲ್ಲಿ ದಾಖಲಿಸಿದ್ದು ಹೀಗೆ: ಹೊಟ್ಟೆಯಲ್ಲಿ ಊಟಕ್ಕೂ ಮಗುವಿಗೂ ಇರುವ ಜಾಗ ಒಂದೇ ಎಂಬ ತಿಳಿವಳಿಕೆ ಅಲ್ಲಿನ ಹೆಂಗಸರಲ್ಲಿತ್ತು. ಹೆಚ್ಚು ತಿಂದರೆ ಮಗುವಿಗೆ ಜಾಗ ಸಾಲದು. ಮಗು ದಪ್ಪವಾದರೆ ಹೆರಿಗೆ ಕಷ್ಟ. ಇಂಗ್ಲಿಷ್ ಮಾತ್ರೆಯಂತೂ ಉಷ್ಣ, ಬಸಿರೂ ಉಷ್ಣ. ಉಷ್ಣದ ಮೇಲೆ ಉಷ್ಣ ಸೇರಿದರೆ ಗರ್ಭ ಇಳಿದೀತೆಂಬ ಭಯ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಸಿಸೇರಿಯನ್ ಸೌಲಭ್ಯ ಇಲ್ಲದ, ರಸ್ತೆಯೂ ಇಲ್ಲದ ಊರಿನಲ್ಲಿ ದಪ್ಪ ಮಗುವಿಗೆ ಹೆದರಿದ ಹೆಂಗಸು ಲೆಕ್ಕ ತಪ್ಪಿದ್ದಳು ಎಂದು ನನಗನಿಸುವುದಿಲ್ಲ.

ಇಷ್ಟಕ್ಕೂ ಮಾತ್ರೆಯೇನು ಪ್ರಶ್ನಾತೀತವಲ್ಲ. 1970ರಲ್ಲಿ ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣವಿತ್ತು. ಫಲ ಕಾಣದಾಗ 1990ರ ದಶಕದ ಆರಂಭದಲ್ಲಿ 100ಕ್ಕೆ ಏರಿಸಿದರು. 2018ರ 'ಅನೀಮಿಯಾ ಮುಕ್ತ ಭಾರತ' ಕಾರ್ಯಕ್ರಮದಲ್ಲಿ ಮತ್ತೆ 60ಕ್ಕೆ ಇಳಿಸಿದರು. ಏರಿಸಿದಾಗಿನ ತರ್ಕ ಹೆಚ್ಚು ಕೊಟ್ಟರೆ ಹೆಚ್ಚು ಸೇರುತ್ತದೆ ಎಂಬುದು. ಕರುಳು ಆ ತರ್ಕಕ್ಕೆ ಒಪ್ಪುವುದಿಲ್ಲ. ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಕಬ್ಬಿಣ ಒಳಗೆ ಬಂದೊಡನೆ ಅದು ಏರಿ ಬಾಗಿಲು ಹಾಕಿಬಿಡುತ್ತದೆ, ಮರುದಿನವೂ ಪೂರ್ತಿ ತೆಗೆಯುವುದಿಲ್ಲ. ಸ್ವಿಟ್ಜರ್ಲೆಂಡಿನ ಸಂಶೋಧಕರು 2017ರಲ್ಲಿ ಬಸುರಿಯರಲ್ಲದ, ಕಬ್ಬಿಣ ಕಡಿಮೆಯಿದ್ದ ಹೆಂಗಸರಿಗೆ ದಿನ ಬಿಟ್ಟು ದಿನ ಮಾತ್ರೆ ಕೊಟ್ಟು ನೋಡಿದಾಗ, ಪ್ರತಿ ಮಾತ್ರೆಯಿಂದ ಮೈಗೆ ಹತ್ತಿದ ಪಾಲು ದಿನವೂ ಕೊಟ್ಟಾಗಿನದಕ್ಕಿಂತ ಹೆಚ್ಚಿತ್ತು. ಮಾತ್ರೆ ಮರೆತವಳನ್ನು ಬೈಯುವ ಮುನ್ನ ಇದೊಂದು ನೆನಪಿರಲಿ. ಬಸುರಿಯರಿಗೆ ದಿನಕ್ಕೊಂದು ಎಂಬ ನಿಯಮವೇನೂ ಇದರಿಂದ ಬದಲಾಗಿಲ್ಲ, ಅದನ್ನೂ ಹೇಳಬೇಕು.

ತಟ್ಟೆಯಲ್ಲಿ ಏನಿದೆ, ಯಾವಾಗ ಬಂತು

ಎರಡನೆಯ ಪಕ್ಷದವರು ಮಾತ್ರೆಯ ಪೆಟ್ಟಿಗೆ ಬಿಟ್ಟು ಅಡುಗೆಮನೆಗೆ ಬರುತ್ತಾರೆ. ರಾಗಿ, ಹೆಸರುಕಾಳು, ನುಗ್ಗೆಸೊಪ್ಪು, ಬೆಲ್ಲ: ಕಬ್ಬಿಣದ ಪಟ್ಟಿಯಲ್ಲಿ ನಮ್ಮ ಊಟ ಬಡವೇನಲ್ಲ. ಆದರೆ ಸಸ್ಯಾಹಾರದ ಕಬ್ಬಿಣ ಹಠಮಾರಿ. ಕಾಳು, ಧಾನ್ಯಗಳಲ್ಲಿರುವ ಫೈಟೇಟ್ ಅದನ್ನು ಬಿಗಿದು ಹಿಡಿದಿರುತ್ತದೆ. ಊಟದ ಜೊತೆಗೇ ಕುಡಿಯುವ ಕಾಫಿ, ಚಹಾ ಉಳಿದದ್ದನ್ನೂ ಕಟ್ಟಿಹಾಕುತ್ತವೆ. ಬೆಳಿಗ್ಗೆ ಇಡ್ಲಿಯ ಪಕ್ಕದಲ್ಲೇ ಫಿಲ್ಟರ್ ಕಾಫಿ ಇಡುವ ನಮ್ಮ ಶಿಷ್ಟಾಚಾರ ಈ ವಿಷಯದಲ್ಲಿ ದೊಡ್ಡ ಅಪರಾಧಿ, ನಾನೂ ಅದರಲ್ಲಿ ಪಾಲುದಾರ. ಮೊಳಕೆ ಕಟ್ಟಿದರೆ, ಹುದುಗು ಬರಿಸಿದರೆ, ನಿಂಬೆಹಣ್ಣು ಹಿಂಡಿದರೆ, ಒಂದು ನೆಲ್ಲಿಕಾಯಿ ಕಚ್ಚಿದರೆ ಕಬ್ಬಿಣ ಸಡಿಲವಾಗುತ್ತದೆ. ಕೋಸಂಬರಿಗೆ ನಿಂಬೆ ಹಿಂಡಿದ ಅಜ್ಜಿ ಫೈಟೇಟಿನ ಹೆಸರು ಕೇಳಿದವಳಲ್ಲ.

ಎಷ್ಟು ಬೇಕು ಎಂಬ ಲೆಕ್ಕವೂ ಸ್ವಾರಸ್ಯದ್ದು. ಒಂದು ಬಸಿರಿಗೆ ಒಟ್ಟು ಸುಮಾರು 1,000 ಮಿಲಿಗ್ರಾಂ ಕಬ್ಬಿಣ ಹೆಚ್ಚುವರಿಯಾಗಿ ಬೇಕು: ಹತ್ತರಲ್ಲಿ ಮಗು ಮತ್ತು ಮಾಸಿಗೆ ಮೂರು ಭಾಗ, ತಾಯಿಯ ಹೆಚ್ಚಿದ ರಕ್ತಕ್ಕೆ ಐದು ಭಾಗ, ಉಳಿದದ್ದು ದೈನಂದಿನ ನಷ್ಟಕ್ಕೆ. ಆದರೂ 2020ರ ರಾಷ್ಟ್ರೀಯ ಶಿಫಾರಸಿನಲ್ಲಿ ಗರ್ಭಿಣಿಗೆ ದಿನಕ್ಕೆ 27 ಮಿಲಿಗ್ರಾಂ, ಗರ್ಭಿಣಿಯಲ್ಲದ ಹೆಂಗಸಿಗೆ 29. ಮುದ್ರಣದೋಷವಲ್ಲ. ಬಸಿರಿನಲ್ಲಿ ಮುಟ್ಟಿನ ನಷ್ಟವಿಲ್ಲ, ಕರುಳೂ ಹೆಚ್ಚು ಹೀರಿಕೊಳ್ಳುತ್ತದೆ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಗಮನ ಎಲ್ಲಿ ತಪ್ಪಿದೆ ಎಂದು ಕಾಣುತ್ತದೆ. ಹದಿಮೂರನೆಯ ವಯಸ್ಸಿನಿಂದ ಪ್ರತಿ ತಿಂಗಳೂ ಕಳೆದುಕೊಂಡು, ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದದ್ದನ್ನು ಬಳಿದು ತಿಂದು, ಖಾಲಿ ಉಗ್ರಾಣದೊಂದಿಗೆ ಬಸುರಾದವಳಿಂದ ಒಂಬತ್ತು ತಿಂಗಳಲ್ಲಿ ಹತ್ತು ವರ್ಷದ ಸಾಲ ತೀರಿಸಿ ಎನ್ನುತ್ತಿದ್ದೇವೆ.

ಕರ್ನಾಟಕ ಸರ್ಕಾರ 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆ ಈ ಪಕ್ಷದ ದೊಡ್ಡ ಪ್ರಯೋಗ. ಮನೆಗೆ ಧಾನ್ಯ ಕೊಟ್ಟರೆ ಅದು ಎಲ್ಲರ ಪಾಲಾಗುತ್ತದೆ. ಅಂಗನವಾಡಿಯಲ್ಲೇ ಬಿಸಿಯೂಟ, ಮೊಟ್ಟೆ, ಹಾಲು, ಚಿಕ್ಕಿ ಕೊಟ್ಟರೆ ಬಸುರಿಯ ಹೊಟ್ಟೆಗೇ ಹೋಗುತ್ತದೆ ಎಂಬುದು ಯೋಚನೆ. ಯೋಚನೆ ಚೆನ್ನ. ಆದರೆ ತುಂಬು ಬಸುರಿ ಬಿಸಿಲಲ್ಲಿ ಅಂಗನವಾಡಿಗೆ ನಡೆಯಬೇಕು, ಕೂಲಿಗೆ ಹೋಗುವವಳು ಮಧ್ಯಾಹ್ನ ಹಿಂದಿರುಗಬೇಕು, ಹಸಿ ಬಾಣಂತಿ ಹೊಸ್ತಿಲು ದಾಟಬಾರದು. ಮೂರೂ ಕಡೆ ಯೋಜನೆ ಮುಗ್ಗರಿಸಿತು.

ಮೈಸೂರಿನ ಒಂದು ಮಾತು ಇಲ್ಲಿ ಸೇರಿಸಬೇಕು. ಹಳಬರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ಹೆಸರು ಬರೆಸಿದ್ದ ಗರ್ಭಿಣಿಯರ ರಕ್ತವನ್ನು ಪರೀಕ್ಷಿಸಿದಾಗ ಶೇ. 43ರಷ್ಟು ಮಂದಿಯಲ್ಲಿ ಬಿ-12 ಜೀವಸತ್ವದ ಕೊರತೆ ಕಂಡಿತು. ಬಿ-12 ಸಿಗುವುದು ಹಾಲು, ಮೊಟ್ಟೆ, ಮಾಂಸಗಳಲ್ಲಿ. ಕಬ್ಬಿಣದ ಮಾತ್ರೆಯಲ್ಲಿ ಅದಿಲ್ಲ. ಲೂಸಿ ವಿಲ್ಸ್ ನೋಡಿದಂಥ ದೊಡ್ಡ ಕೆಂಪು ಕಣಗಳು ಬಿ-12 ಇಲ್ಲದಾಗಲೂ ಕಾಣುತ್ತವೆ.

ಇದೇ ಪಕ್ಷದ ಒಂದು ಕವಲು ಬಲವರ್ಧಿತ ಅಕ್ಕಿಯದು. ನೂರು ಕಾಳಿಗೆ ಒಂದರಂತೆ ಕಬ್ಬಿಣ, ಫೋಲಿಕ್ ಆಸಿಡ್, ಬಿ-12 ಸೇರಿಸಿದ ಕೃತಕ ಕಾಳನ್ನು ಪಡಿತರದ ಅಕ್ಕಿಯಲ್ಲಿ ಬೆರೆಸುವ ಯೋಜನೆಯನ್ನು ಪ್ರಧಾನಿ 2021ರ ಸ್ವಾತಂತ್ರ್ಯ ದಿನದಂದು ಘೋಷಿಸಿದರು. ನಮ್ಮ ಹಳ್ಳಿಗಳಲ್ಲಿ ಅದನ್ನು 'ಪ್ಲಾಸ್ಟಿಕ್ ಅಕ್ಕಿ' ಎಂದು ಆರಿಸಿ ಎಸೆದವರಿದ್ದಾರೆ. ವಿಜ್ಞಾನಿಗಳ ತಕರಾರು ಬೇರೆ: ಬೇಕಾದವರಿಗೂ ಬೇಡದವರಿಗೂ, ಥಲಸೇಮಿಯಾ ಇರುವವರಿಗೂ ಒಂದೇ ತಟ್ಟೆಯಲ್ಲಿ ಕಬ್ಬಿಣ ಬಡಿಸುವುದು ಸರಿಯೇ?

ಅಳತೆಗೋಲಿನ ಜಗಳ

ಮೂರನೆಯ ಪಕ್ಷದವರು ಸಮಸ್ಯೆಯ ಗಾತ್ರವನ್ನೇ ಪ್ರಶ್ನಿಸುತ್ತಾರೆ. ಒಂದು ಡೆಸಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಗರ್ಭಿಣಿಗೆ ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1968ರಲ್ಲಿ ಗೆರೆ ಎಳೆದರು. ಆ ಗೆರೆಗೆ ಆಧಾರ ಕೆಲವೇ ಅಧ್ಯಯನಗಳು, ಅವೂ ಹೆಚ್ಚಾಗಿ ಪಶ್ಚಿಮದವು. ಬಸಿರಿನಲ್ಲಿ ರಕ್ತದ ನೀರಿನಂಶ ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ಕೆಂಪು ಕಣಗಳು ಅಷ್ಟು ಹೆಚ್ಚುವುದಿಲ್ಲ. ಸಾರಿಗೆ ನೀರು ಬೆರೆಸಿದಂತೆ. ರುಚಿ ತೆಳುವಾಯಿತೆಂದರೆ ಬೇಳೆ ಕಡಿಮೆಯಾಯಿತು ಎಂದಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ನಡುವಿನ ಮೂರು ತಿಂಗಳಿಗೆ ಗೆರೆಯನ್ನು 10.5ಕ್ಕೆ ಇಳಿಸಿತು.

ಭಾರತದಲ್ಲಿ ಈ ವಾದವನ್ನು ಗಟ್ಟಿಯಾಗಿ ಮಂಡಿಸಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಪ್ರಮುಖರು. ಭಾರತದ ಮಕ್ಕಳು ಮತ್ತು ಹದಿಹರೆಯದವರಿಗೆ ಈಗಿನ ಗೆರೆ ಎತ್ತರವಾಯಿತು ಎಂದು ಅವರೂ ಸಹೋದ್ಯೋಗಿಗಳೂ 2021ರಲ್ಲಿ ಬರೆದರು. ಜೊತೆಗೆ ರಕ್ತ ತೆಗೆಯುವ ಬಗೆಯೂ ಇದೆ. ಕುಟುಂಬ ಆರೋಗ್ಯ ಸಮೀಕ್ಷೆ ಬೆರಳು ಚುಚ್ಚಿ ಹನಿ ತೆಗೆಯುತ್ತದೆ. ಬೆರಳು ಹಿಂಡಿದರೆ ರಕ್ತದ ಜೊತೆ ಮಾಂಸದ ನೀರೂ ಬರುತ್ತದೆ. ರಕ್ತನಾಳದಿಂದಲೇ ರಕ್ತ ತೆಗೆದ 2016-18ರ ಇನ್ನೊಂದು ರಾಷ್ಟ್ರೀಯ ಸಮೀಕ್ಷೆಯಲ್ಲಿ ಪುಟ್ಟ ಮಕ್ಕಳ ರಕ್ತಹೀನತೆ ಶೇ. 41 ಎಂದು ಬಂತು. ಹೆಚ್ಚುಕಡಿಮೆ ಅದೇ ಕಾಲದ ಬೆರಳಿನ ಸಮೀಕ್ಷೆಯಲ್ಲಿ ಅದು ಶೇ. 59ರ ಹತ್ತಿರ. ಮುಂದಿನ ಕುಟುಂಬ ಸಮೀಕ್ಷೆಯಿಂದ ರಕ್ತಹೀನತೆಯ ಪರೀಕ್ಷೆಯನ್ನೇ ಸರ್ಕಾರ ಕೈಬಿಟ್ಟಾಗ ಇದೇ ಕಾರಣ ಕೊಟ್ಟಿತು. ಸಂಖ್ಯೆ ಮುಜುಗರ ತರುತ್ತಿತ್ತು, ಅದಕ್ಕೇ ಬಿಟ್ಟರು ಎಂದವರೂ ಇದ್ದರು.

ಅಳತೆಯ ಪಕ್ಷ ಸಂಖ್ಯೆಯ ಬಗ್ಗೆ ಹೇಳುವುದನ್ನು ನಾನು ಬಹುಪಾಲು ಒಪ್ಪುತ್ತೇನೆ. ಗೆರೆ ಅರ್ಧ ಗ್ರಾಂ ಸರಿದರೆ ಲಕ್ಷಾಂತರ ಮಂದಿ ಒಂದೇ ರಾತ್ರಿಯಲ್ಲಿ ಗುಣವಾಗುತ್ತಾರೆ, ನಿಜ. ಆದರೆ ಹಿಮೋಗ್ಲೋಬಿನ್ 6 ಅಥವಾ 7 ಇಟ್ಟುಕೊಂಡು ಹೆರಿಗೆ ಕೋಣೆಗೆ ಬರುವವಳು ಯಾವ ಗೆರೆ ಎಳೆದರೂ ಕೆಳಗೇ ಇರುತ್ತಾಳೆ. ಸಾಯುವವಳು ಅವಳು. ಗೆರೆಯ ಆಸುಪಾಸಿನ ಜಗಳದ ಗದ್ದಲದಲ್ಲಿ ಅವಳ ದನಿ ಕೇಳಿಸದೆ ಹೋಗುವ ಅಪಾಯವಿದೆ.

ಕಬ್ಬಿಣದಾಚೆಗೆ

ಎಲ್ಲ ರಕ್ತಹೀನತೆಯೂ ಕಬ್ಬಿಣದ್ದಲ್ಲ. ಕೊಕ್ಕೆಹುಳು ಕರುಳಿನಲ್ಲಿ ರಕ್ತ ಹೀರುತ್ತದೆ; ಅದಕ್ಕೇ ನಾಲ್ಕನೆಯ ತಿಂಗಳ ಮೇಲೆ ಒಂದು ಅಲ್ಬೆಂಡಜೋಲ್ ಮಾತ್ರೆ. ಚಾಮರಾಜನಗರ, ಮೈಸೂರು, ಕೊಡಗಿನ ಸೋಲಿಗ, ಜೇನುಕುರುಬ ಸಮುದಾಯಗಳಲ್ಲಿ ಕುಡಗೋಲು ಕಣದ ಕಾಯಿಲೆಯಿದೆ. ಅಲ್ಲಿ ಕಣಗಳೇ ಬೇಗ ಒಡೆಯುವುದರಿಂದ ಕಬ್ಬಿಣ ಸುರಿದರೆ ಉಪಯೋಗವಿಲ್ಲ. ಪಾವಗಡದಂಥ ಕಡೆ ಕೊಳವೆಬಾವಿಯ ನೀರಿನ ಫ್ಲೋರೈಡ್ ಹಲ್ಲು, ಮೂಳೆಗಳನ್ನು ಕೆಡಿಸುವುದು ಎಲ್ಲರಿಗೂ ಗೊತ್ತು. ಅದು ಕರುಳಿನ ಒಳಪದರವನ್ನೂ ಕೆಡಿಸಿ ಕಬ್ಬಿಣ ಹೀರದಂತೆ ಮಾಡುತ್ತದೆ ಎಂದು ದೆಹಲಿಯ ಸುಶೀಲಾ ಅವರ ತಂಡ ವಾದಿಸಿದೆ. ಫ್ಲೋರೈಡ್ ತಪ್ಪಿಸಿದ ಗರ್ಭಿಣಿಯರ ಹಿಮೋಗ್ಲೋಬಿನ್ ಏರಿತು ಎಂಬುದು ಅವರ 2010ರ ವರದಿ. ಬಯಲುಸೀಮೆಯ ತಾಲ್ಲೂಕುಗಳಲ್ಲಿ ಇದನ್ನು ಗಂಭೀರವಾಗಿ ಪರೀಕ್ಷಿಸಿದರೆ ಬೆಲೆಯಿದೆ.

ಸೂಜಿಯ ಪಕ್ಷ

ನುಂಗುವ ಜಗಳವೇ ಬೇಡ, ನೇರ ರಕ್ತನಾಳಕ್ಕೇ ಕಬ್ಬಿಣ ಕೊಡೋಣ ಎನ್ನುವುದು ಇತ್ತೀಚಿನ ಉತ್ಸಾಹ. ಐರನ್ ಸುಕ್ರೋಸಾದರೆ ನಾಲ್ಕೈದು ಬಾರಿ ಆಸ್ಪತ್ರೆಗೆ ಬರಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸನ್ನು ಒಂದೇ ಸಲಕ್ಕೆ ಒಂದು ಗ್ರಾಂವರೆಗೆ ಹನಿಸಬಹುದು. ಹಳ್ಳಿಯಿಂದ ಬಸ್ಸು ಹಿಡಿದು ಬರುವವಳಿಗೆ ಇದು ದೊಡ್ಡ ವ್ಯತ್ಯಾಸ. ಏಳನೆಯ ತಿಂಗಳು ದಾಟಿ, ಹಿಮೋಗ್ಲೋಬಿನ್ ಏರದೆ ಇದ್ದವರಿಗೆ, ಮಾತ್ರೆ ಸಹಿಸದವರಿಗೆ ಇದರ ಉಪಯೋಗವನ್ನು ಯಾರೂ ಅಲ್ಲಗಳೆಯುವುದಿಲ್ಲ.

ಎಲ್ಲರಿಗೂ ಇದೇ ಇರಲಿ ಎಂದಾಗ ಫಲಿತಾಂಶ ಮಂಕಾಗುತ್ತದೆ. ಭಾರತದ ನಾಲ್ಕು ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಸುಮಾರು 2,000 ಗರ್ಭಿಣಿಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾಯಿಯ ಆರೋಗ್ಯದ ಫಲಿತಾಂಶಗಳಲ್ಲಿ ಐರನ್ ಸುಕ್ರೋಸಿಗೂ ಮಾತ್ರೆಗೂ ಗಣನೀಯ ವ್ಯತ್ಯಾಸ ಸಿಗಲಿಲ್ಲ. 2023ರಲ್ಲಿ ಆಫ್ರಿಕಾದ ಮಲಾವಿಯಿಂದ ಬಂದ ವರದಿಯಲ್ಲಿ ಒಂದೇ ಡೋಸಿನ ಚುಚ್ಚುಮದ್ದು ಪಡೆದವರಿಗೂ ಮಾತ್ರೆ ನುಂಗಿದವರಿಗೂ 36ನೆಯ ವಾರದ ಹೊತ್ತಿಗೆ ರಕ್ತಹೀನತೆಯ ಪ್ರಮಾಣ ಹೆಚ್ಚುಕಡಿಮೆ ಒಂದೇ. ಸಂಶೋಧನೆಯಲ್ಲಿ ಮಾತ್ರೆಯನ್ನು ನೆನಪಿಸಿ ನುಂಗಿಸುತ್ತಾರೆ, ಊರಿನಲ್ಲಿ ನುಂಗಿಸುವವರಿಲ್ಲ, ಹೋಲಿಕೆಯೇ ಸರಿಯಿಲ್ಲ ಎಂದು ಸೂಜಿಯ ಪಕ್ಷದವರು ಹೇಳುತ್ತಾರೆ. ಅದೂ ನ್ಯಾಯವಾದ ಮಾತೇ.

ತೊಟ್ಟಿಲು ಕಟ್ಟಿದ ಮೇಲೆ

ಮಗು ಹುಟ್ಟಿತೆಂದರೆ ಎಲ್ಲರ ಕಣ್ಣೂ ತೊಟ್ಟಿಲ ಕಡೆ. ತಾಯಿ ಕಾರ್ಡಿನ ಹಿಮೋಗ್ಲೋಬಿನ್ ಕಾಲಂ ಅಲ್ಲಿಗೆ ಖಾಲಿ ಬೀಳುತ್ತದೆ. ಹೆರಿಗೆಯ ನಂತರವೂ 180 ದಿನ ಮಾತ್ರೆ ಎಂಬ ನಿಯಮ ಇದೆ. ಆ ಹೊತ್ತಿಗೆ ಬಾಣಂತಿ ತವರಿನಲ್ಲಿ, ಅವಳ ಹೆಸರು ಗಂಡನ ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ. ಸುಸ್ತು, ತಲೆಸುತ್ತು, ಅಳು ಬರುವುದು, ಹಾಲು ಸಾಲದೆನಿಸುವುದು ಎಲ್ಲಕ್ಕೂ "ಬಾಣಂತನದಲ್ಲಿ ಹಾಗೇ" ಎಂಬ ಒಂದೇ ವಿವರಣೆ.

ಬಾಣಂತನದ ಊಟದಲ್ಲಿ ಒಳಿತು, ಕೆಡುಕು ಎರಡೂ ಇವೆ. ಉತ್ತರ ಕರ್ನಾಟಕದ ಅಂಟಿನುಂಡೆ, ಅಳವಿ ಪಾಯಸ, ಒಣಕೊಬ್ಬರಿ, ಉತ್ತುತ್ತಿ. ಹಳೇ ಮೈಸೂರಿನ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸಿನ ಸಾರು. ಅಳವಿಯಲ್ಲಿ ಕಬ್ಬಿಣ ದಂಡಿಯಾಗಿದೆ. ಅದೇ ಮನೆಯಲ್ಲಿ ನೀರು ಅಳೆದು ಕೊಡುತ್ತಾರೆ, ಹಣ್ಣು ಶೀತವೆನ್ನುತ್ತಾರೆ, ಕೆಲವು ಕಡೆ ತಿಂಗಳುಗಟ್ಟಲೆ ಅನ್ನ, ಸಾರು, ತುಪ್ಪ ಅಷ್ಟೇ. ಕಬ್ಬಿಣವನ್ನು ಮೈಗೆ ಹತ್ತಿಸುವ ಸಿ ಜೀವಸತ್ವದ ಹಣ್ಣುಗಳೇ ಮೊದಲು ನಿಷಿದ್ಧ. ಬಾಣಂತನವನ್ನು ಹೊಗಳುವವರೂ ತೆಗಳುವವರೂ ಇಡೀ ಪದ್ಧತಿಯನ್ನು ಒಂದೇ ಗಂಟಾಗಿ ಹಿಡಿದು ಮಾತಾಡುತ್ತಾರೆ. ಬಿಚ್ಚಿ ನೋಡುವುದು ಮೇಲು.

ಮಗುವಿನ ಪಾಲಿಗೂ ಇಲ್ಲೊಂದು ಲೆಕ್ಕವಿದೆ. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸದೆ ಒಂದೆರಡು ನಿಮಿಷ ಕಾದರೆ ಮಾಸಿನಲ್ಲಿ ಉಳಿದ ರಕ್ತ ಮಗುವಿಗೆ ಹರಿದು, ಮುಂದಿನ ತಿಂಗಳುಗಳಿಗೆ ಕಬ್ಬಿಣದ ಬುತ್ತಿಯಾಗುತ್ತದೆ. ಖರ್ಚಿಲ್ಲದ, ಮಾತ್ರೆಯಿಲ್ಲದ ಕ್ರಮ.

ಇನ್ನೂ ಇತ್ಯರ್ಥವಾಗದ್ದು

ಭಾರತೀಯ ಗರ್ಭಿಣಿಗೆ ಎಷ್ಟು ಹಿಮೋಗ್ಲೋಬಿನ್ ಸಾಕು ಎಂಬುದೇ ತೀರ್ಮಾನವಾಗಿಲ್ಲ. ಕಡಿಮೆಯಾದರೆ ಕೇಡು ಎಂಬುದು ನಿಜ. 13 ದಾಟಿದವರಲ್ಲೂ ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕದ ಮಗು ಹೆಚ್ಚು ಕಂಡಿದ್ದರಿಂದ ಹೆಚ್ಚಾದಷ್ಟೂ ಒಳ್ಳೆಯದು ಎನ್ನುವಂತಿಲ್ಲ. ಮಾತ್ರೆ ದಿನವೂ ಬೇಕೋ, ದಿನ ಬಿಟ್ಟು ದಿನ ಸಾಕೋ ಎಂಬುದು ಬಸುರಿಯರ ಮಟ್ಟಿಗೆ ತೆರೆದೇ ಇದೆ. ಹದಿಹರೆಯದಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಟ್ಟದ್ದು ಐದಾರು ವರ್ಷಗಳ ನಂತರದ ಬಸಿರಿಗೆ ಎಷ್ಟು ಉಳಿಯುತ್ತದೆ, ಅಕ್ಕಿಯಲ್ಲಿ ಬೆರೆತ ಕಬ್ಬಿಣ ಕೊನೆಗೆ ಉಣ್ಣುವವಳ ತಟ್ಟೆಯವರೆಗೆ ಎಷ್ಟು ತಲುಪುತ್ತದೆ ಎಂಬುದಕ್ಕೂ ಲೆಕ್ಕ ಕೂಡಿಬಂದಿಲ್ಲ.

ಎಲ್ಲಕ್ಕಿಂತ ಜಟಿಲವಾದದ್ದು ಹೆರಿಗೆಯ ನಂತರದ ರಕ್ತಸ್ರಾವದ ಪ್ರಶ್ನೆ. ಮಧ್ಯಮ ಹಾಗೂ ತೀವ್ರ ರಕ್ತಹೀನತೆಯ 15,000ಕ್ಕೂ ಹೆಚ್ಚು ತಾಯಂದಿರನ್ನು ಸೇರಿಸಿಕೊಂಡು ಪಾಕಿಸ್ತಾನ, ನೈಜೀರಿಯಾ, ತಾಂಜಾನಿಯಾ, ಜಾಂಬಿಯಾಗಳಲ್ಲಿ ನಡೆದ ಅಧ್ಯಯನ 2023ರಲ್ಲಿ ಹೊರಬಂತು. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಔಷಧಿಯನ್ನು ಮುಂಜಾಗ್ರತೆಯಾಗಿ ಕೊಟ್ಟರೂ ಅಂಥ ತಾಯಂದಿರಲ್ಲಿ ಸ್ರಾವ ತಗ್ಗಲಿಲ್ಲ. ತೀವ್ರ ರಕ್ತಹೀನತೆ ಇದ್ದವರು ಸಾವಿನ ಅಂಚಿಗೆ ಹೋಗುವ ಸಂಭವ ಮಧ್ಯಮ ರಕ್ತಹೀನತೆಯವರಿಗಿಂತ ಹಲವು ಪಟ್ಟು ಹೆಚ್ಚು ಎಂಬುದು ಅದೇ ತಾಯಂದಿರ ದಾಖಲೆಗಳಿಂದ ತಿಳಿಯಿತು. ಹಾಗಾದರೆ ಹೆರಿಗೆಗೆ ಮುನ್ನ ಹಿಮೋಗ್ಲೋಬಿನ್ ಏರಿಸಿದರೆ ಸ್ರಾವವೂ ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆಯೇ? ಎಷ್ಟಕ್ಕೆ ಏರಿಸಬೇಕು, ಯಾವ ತಿಂಗಳಿನೊಳಗೆ? ಇದನ್ನು ನೇರವಾಗಿ ಕೇಳುವ ದೊಡ್ಡ ಪ್ರಯೋಗ ನಡೆಯಬೇಕಿದೆ.